ಒಣಗುವ ದಿನಕ್ಕೂ ಕ್ಯಾಲೆಂಡರಿನಲ್ಲಿ ಜಾಗ ಕೊಡಿ

24×36 ಇಂಚಿನ ತೈಲವರ್ಣದ ಭಾವಚಿತ್ರಕ್ಕೆ ಬ್ರಷ್ ಹಿಡಿದು ನಿಲ್ಲುವ ಹೊತ್ತು ಹೆಚ್ಚೆಂದರೆ 48 ಗಂಟೆ. ದಿನಕ್ಕೆ ನಾಲ್ಕೂವರೆ ಗಂಟೆಯಂತೆ ಹಿಡಿದರೆ 11 ದಿನಕ್ಕೆ ಮುಗಿಯಿತು. ಗಿರಾಕಿ ಫೋನಿನಲ್ಲಿ ಕೇಳಿದಾಗ ‘15 ದಿನ ಸಾಕು ಸಾರ್’ ಎಂದು ಬಾಯಿಗೆ ಬರುವುದು ಈ ಲೆಕ್ಕದಿಂದಲೇ. ಅದೇ ಚಿತ್ರ ಅವರ ಮನೆಯ ಗೋಡೆ ಏರುವುದಕ್ಕೆ ಹಿಡಿಯುವುದು ಒಂಬತ್ತು ವಾರ. ನಡುವಿನ ಏಳು ವಾರ ಫೋಟೊ ಬರಲಿ, ಸ್ಕೆಚ್ ಒಪ್ಪಿಗೆಯಾಗಲಿ, ಬಣ್ಣ ಒಣಗಲಿ, ಫ್ರೇಮ್ ಸಿಗಲಿ ಎಂದು ಕಾಯುವುದರಲ್ಲೇ ಕಳೆಯುತ್ತದೆ. ಬೆಂಗಳೂರಿನಲ್ಲಿ ಆರ್ಡರ್ ಹಿಡಿದು ಬದುಕುವ ಚಿತ್ರಕಾರರಲ್ಲಿ ನಿಧಾನಗೈಯವರು ಕಡಿಮೆ. ಆದರೂ ಗಡುವು ತಪ್ಪುತ್ತದೆ, ಏಕೆಂದರೆ ಡೈರಿಯಲ್ಲಿ ಕೆಲಸದ ದಿನಗಳು ಮಾತ್ರ ಇರುತ್ತವೆ, ಕಾಯುವ ದಿನಗಳು ಇರುವುದಿಲ್ಲ. ರಜೆ ಕೈತಪ್ಪುವುದೂ ಇದೇ ಕಾರಣಕ್ಕೆ.

ಹಿಂದಿನಿಂದ ಎಣಿಸುವುದು

ತಂದೆಯ ಷಷ್ಟ್ಯಬ್ದಿಗೆ ಮಕ್ಕಳು ಚಿತ್ರ ಬರೆಸುತ್ತಿದ್ದಾರೆ, ಸಮಾರಂಭ ನವೆಂಬರ್ 20 ಎಂದಿಟ್ಟುಕೊಳ್ಳಿ. ಆ ದಿನದಿಂದ ಹಿಂದಕ್ಕೆ ನಡೆಯಿರಿ. ಫ್ರೇಮಿಗೆ 8 ದಿನ. ಅದಕ್ಕೂ ಮೊದಲು ಕೊನೆಯ ಪದರ ಬೆರಳಿಗೆ ಅಂಟದಷ್ಟು ಒಣಗಲು 10 ದಿನ. ಬಣ್ಣದ ಕೆಲಸ ಮೂರು ಪದರದಲ್ಲಿ, ನಡುವಿನ ಬಿಡುವೂ ಸೇರಿ 22 ದಿನ. ಸ್ಕೆಚ್ಚಿಗೆ ನಿಮ್ಮದು 1 ದಿನ, ಮನೆಮಂದಿ ಒಪ್ಪಲು 7 ದಿನ. ಮಗ ಅಮೆರಿಕದಲ್ಲಿ, ಮಗಳು ಮೈಸೂರಿನಲ್ಲಿ, ದೊಡ್ಡಪ್ಪ ಊರಿನಲ್ಲಿ ಇದ್ದರೆ ಆ ಏಳೂ ಸಾಲದು. ಸರಿಯಾದ ಫೋಟೊ ಕೈಗೆ ಸಿಗಲು 5 ದಿನ. ಕ್ಯಾನ್ವಾಸ್ ಬಿಗಿದು ಎರಡು ಕೋಟ್ ಗೆಸ್ಸೊ (ಬಣ್ಣ ಹಿಡಿಯಲು ಮೊದಲು ಹಚ್ಚುವ ಬಿಳಿ ಲೇಪ) ಬಳಿಯುವ 3 ದಿನ ಸ್ಕೆಚ್ ಒಪ್ಪಿಗೆಯ ವಾರದೊಳಗೇ ಮುಗಿಯುತ್ತದೆ, ಅದನ್ನು ಬೇರೆ ಎಣಿಸಬೇಕಿಲ್ಲ. ಒಟ್ಟು 53. ಇದರ ಮೇಲೆ ಐದನೆಯ ಒಂದು ಪಾಲು, ಅಂದರೆ 11 ದಿನ, ಜ್ವರಕ್ಕೆ, ಕರೆಂಟಿಗೆ, ನೆಂಟರಿಗೆ. 64 ಆಯಿತು. ನವೆಂಬರ್ 20ರಿಂದ 64 ದಿನ ಹಿಂದೆ ಹೋದರೆ ಸೆಪ್ಟೆಂಬರ್ 17.

ಈ 64 ದಿನದ ನಡುವೆ ಆಯುಧಪೂಜೆಯೂ ಬರುತ್ತದೆ, ದೀಪಾವಳಿಯೂ ಬರುತ್ತದೆ. ಫ್ರೇಮ್ ಅಂಗಡಿ ಮುಚ್ಚುವ ದಿನಗಳು, ಊರಿಗೆ ಹೋದ ಹುಡುಗರು ತಡವಾಗಿ ಮರಳುವ ದಿನಗಳು ಎಲ್ಲ ಇದರೊಳಗೇ. ಆದ್ದರಿಂದ ಇಂಥ ಆರ್ಡರಿಗೆ ಅಡ್ವಾನ್ಸ್ ಬರಬೇಕಾದ್ದು ಸೆಪ್ಟೆಂಬರ್ ಮೊದಲ ವಾರದಲ್ಲಿ. ಅಕ್ಟೋಬರ್ 10ಕ್ಕೆ ಫೋನ್ ಬಂದರೆ ‘ತೈಲವರ್ಣ ಆಗುವುದಿಲ್ಲ, ಅಕ್ರಿಲಿಕ್ ಅಥವಾ ಚಾರ್ಕೋಲ್ ಆದರೆ ಆಗುತ್ತದೆ’ ಎಂದು ಆ ಗಳಿಗೆಯಲ್ಲೇ ಹೇಳುವುದು ಮೇಲು. ಮಾಧ್ಯಮ ಬದಲಿಸಿ ಗಡುವು ಹಿಡಿಯಬಹುದು, ತೈಲವನ್ನು ಹೆದರಿಸಿ ಒಣಗಿಸಲು ಆಗದು.

ಫೋಟೊ ವಿಚಾರ ಚಿಕ್ಕದೆನಿಸಿದರೂ ವಾರ ತಿನ್ನುವುದು ಅದೇ. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗಿ ಬರುತ್ತದೆ. ಕಣ್ಣಿನ ಅಂಚು, ಕಿವಿಯ ಮಡಿಕೆ ಎಲ್ಲ ಮಸುಕು. ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎಂದು ಮೊದಲ ದಿನವೇ ಬರೆದು ತಿಳಿಸಿ. ಫ್ಲಾಶ್ ಹಾಕಿ ತೆಗೆದ ಮದುವೆಮನೆಯ ಫೋಟೊದಲ್ಲಿ ಮೂಗಿನ ನೆರಳೇ ಇರುವುದಿಲ್ಲ, ಮುಖ ತಟ್ಟೆಯ ಹಾಗೆ ಕಾಣುತ್ತದೆ. ಕಿಟಕಿಯ ಪಕ್ಕ ಕೂರಿಸಿ ತೆಗೆದ ಒಂದೇ ಒಂದು ಫೋಟೊ ಅಂಥ ಇಪ್ಪತ್ತಕ್ಕೆ ಸಮ. ತೀರಿಕೊಂಡವರ ಚಿತ್ರವಾದರೆ ಒಂದೇ ವಯಸ್ಸಿನ ಮೂರು ಫೋಟೊ ಕೇಳಿ. ನಲವತ್ತರ ಗಲ್ಲಕ್ಕೆ ಎಪ್ಪತ್ತರ ಕಣ್ಣು ಕೂರಿಸಿದರೆ ಮನೆಯವರು ‘ಯಾಕೋ ನಮ್ಮಪ್ಪ ಅನ್ನಿಸ್ತಿಲ್ಲ’ ಎನ್ನುತ್ತಾರೆ. ಆ ಮಾತಿಗೆ ಕರೆಕ್ಷನ್ ಮಾಡಲು ದಾರಿಯೇ ಇಲ್ಲ.

ತೈಲ ಒಣಗುವುದು ನೀರು ಆರಿದ ಹಾಗಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗಬೇಕು. ಒಂದೊಂದು ಬಣ್ಣಕ್ಕೂ ಒಂದೊಂದು ವೇಗ. ಬರ್ಂಟ್ ಅಂಬರ್, ರಾ ಅಂಬರ್ ಬಣ್ಣಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ತೆಳು ಪದರ ಒಂದೆರಡು ದಿನದಲ್ಲಿ ಒಣಗುತ್ತದೆ. ಟೈಟೇನಿಯಂ ವೈಟ್, ಐವರಿ ಬ್ಲ್ಯಾಕ್, ಅಲಿಜರಿನ್ ಕ್ರಿಮ್ಸನ್ ವಾರ ಮೀರಿದರೂ ಅಂಟುತ್ತಿರುತ್ತವೆ. ಚರ್ಮದ ಬಣ್ಣದ ತುಂಬ ಟೈಟೇನಿಯಂ ಬಿಳಿಯೇ ಇರುತ್ತದೆ. ಭಾವಚಿತ್ರದಲ್ಲಿ ಮುಖ ಕೊನೆಗೆ ಒಣಗುವುದು ಅದಕ್ಕೇ. ಅಡಿಪದರವನ್ನು ಅಂಬರ್‌ನಲ್ಲಿ ತೆಳ್ಳಗೆ ಮುಗಿಸಿ, ಮೇಲಿನ ಪದರಗಳಿಗೆ ಲಿಕ್ವಿನ್‌ನಂಥ, ಬಣ್ಣವನ್ನು ಬೇಗ ಒಣಗಿಸುವ ಆಲ್ಕಿಡ್ ಮೀಡಿಯಂ ಸ್ವಲ್ಪ ಸೇರಿಸಿದರೆ ಹೆಚ್ಚಿನ ಬಣ್ಣಗಳು ಒಂದೆರಡು ದಿನಕ್ಕೇ ಕೈಗೆ ಸಿಗುತ್ತವೆ. ಆದರೆ ಆಲ್ಕಿಡ್ ಬೆರೆತ ಬಣ್ಣ ಕೆಲವೇ ನಿಮಿಷದಲ್ಲಿ ಎಳೆತಕ್ಕೆ ಬರುತ್ತದೆ. ಆಮೇಲೂ ಅದರ ಮೇಲೆ ಬ್ರಷ್ ಆಡಿಸಿದರೆ ಕಿತ್ತು ಬರುತ್ತದೆ. ಅಡಿಯಲ್ಲಿ ದಪ್ಪನೆಯ ನಿಧಾನ ಪದರ, ಮೇಲೆ ಬೇಗ ಒಣಗುವ ಪದರ ಹಾಕಿದರೆ ಬಿರುಕು ಖಂಡಿತ. ಮೇಲಮೇಲಿನ ಪದರಕ್ಕೆ ಎಣ್ಣೆಯಂಶ ಹೆಚ್ಚಬೇಕು, ಕಡಿಮೆಯಾಗಬಾರದು. ಅಕ್ರಿಲಿಕ್ ಅಡಿಪದರದ ಮೇಲೆ ತೈಲ ಬಳಿಯಬಹುದು, ತೈಲದ ಮೇಲೆ ಅಕ್ರಿಲಿಕ್ ಯಾವತ್ತೂ ನಿಲ್ಲದು.

ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬೀಳುವ ಮಳೆ ಗೊತ್ತೇ ಇದೆ. ಕಿಟಕಿ ಮುಚ್ಚಿದ ತಂಪು ಕೋಣೆಯಲ್ಲಿ 10 ದಿನ 15 ಆಗುತ್ತದೆ. ಹೇರ್ ಡ್ರೈಯರ್ ಹಿಡಿಯುವುದು, ತಾರಸಿಯ ಬಿಸಿಲಿಗಿಡುವುದು ಎರಡೂ ಬೇಡ. ಮೇಲ್ಮೈ ಮಾತ್ರ ಚರ್ಮಗಟ್ಟಿ ಒಳಗೆ ಹಸಿಯಾಗಿ ಉಳಿದು ಸುಕ್ಕುಬೀಳುತ್ತದೆ. ಬೆಳಕಿರುವ ಕೋಣೆ, ಮೇಲಿನ ಫ್ಯಾನಿನ ನಿಧಾನ ಗಾಳಿ, ಗೋಡೆಯಿಂದ ಎರಡು ಇಂಚು ದೂರ ನಿಲ್ಲಿಸಿದ ಕ್ಯಾನ್ವಾಸ್, ಅಷ್ಟೇ. ಕತ್ತಲೆಯಲ್ಲಿಟ್ಟರೆ ಎಣ್ಣೆ ಹಳದಿಗೆ ತಿರುಗುತ್ತದೆ. ಒಣಗಿದೆಯೇ ಎಂದು ನೋಡಲು ಬಣ್ಣ ದಪ್ಪಗಿರುವ ಮೂಲೆಯಲ್ಲಿ ಇಯರ್‌ಬಡ್ ತಿರುಗಿಸಿ. ಹತ್ತಿಗೆ ಬಣ್ಣ ಬಂದರೆ ಫ್ರೇಮಿಗೆ ಕಳಿಸಬೇಡಿ. ಇನ್ನು ಕೊನೆಯ ವಾರ್ನಿಷ್. ಸಾಂಪ್ರದಾಯಿಕ ವಾರ್ನಿಷ್ಷಿಗೆ ಆರರಿಂದ ಹನ್ನೆರಡು ತಿಂಗಳು ಕಾಯಬೇಕು. ಸದ್ಯಕ್ಕೆ ರೀಟಚ್ ಎಂಬ ತಾತ್ಕಾಲಿಕ ವಾರ್ನಿಷ್ ತೆಳುವಾಗಿ ಹೊಡೆದು, ‘ಆರು ತಿಂಗಳಾದ ಮೇಲೆ ವಾರ್ನಿಷ್ ಹಾಕಿಕೊಡಲಾಗುವುದು’ ಎಂದು ಬಿಲ್ಲಿನಲ್ಲೇ ಬರೆಯಿರಿ. ಗಿರಾಕಿ ಮತ್ತೊಮ್ಮೆ ಮನೆಗೆ ಬಂದರೆ ಎರಡನೆಯ ಆರ್ಡರಿನ ಮಾತೂ ಅಲ್ಲೇ ಆಗುತ್ತದೆ.

ಅಕ್ರಿಲಿಕ್ ಬಳಸುವವರಿಗೆ ಒಂದೇ ಎಚ್ಚರಿಕೆ. ಅರ್ಧ ಗಂಟೆಯಲ್ಲಿ ಒಣಗಿತೆಂದು ಅದೇ ಸಂಜೆ ಬಬಲ್ ರ್‍ಯಾಪ್ ಸುತ್ತಿ ಕೊರಿಯರಿಗೆ ಕೊಟ್ಟರೆ ಮುಖದ ತುಂಬ ಗುಳ್ಳೆಗಳ ಅಚ್ಚು ಬಿದ್ದಿರುತ್ತದೆ. ಮೊದಲು ಗ್ಲಾಸಿನ್ ಎಂಬ ನುಣುಪು ಕಾಗದ, ಅದರ ಮೇಲೆ ಬಬಲ್. ಸುರುಳಿ ಸುತ್ತುವುದಾದರೆ ಬಣ್ಣದ ಮುಖ ಹೊರಗಡೆಗೆ ಬರುವಂತೆ, ಕನಿಷ್ಠ ನಾಲ್ಕು ಇಂಚು ಅಗಲದ ಕೊಳವೆಗೆ.

ಮುಹೂರ್ತದ ಗಡುವು, ಆಫೀಸಿನ ಗಡುವು

ಎಲ್ಲ ಗಡುವೂ ಒಂದೇ ಜಾತಿಯವಲ್ಲ. ಗೃಹಪ್ರವೇಶ, ಮದುವೆ, ಷಷ್ಟ್ಯಬ್ದಿ ಇವಕ್ಕೆ ಮುಹೂರ್ತ ಇಟ್ಟಾಗಿದೆ. ಒಂದು ದಿನವೂ ಅಲುಗುವುದಿಲ್ಲ. ಆಫೀಸಿನ ಗಡುವು ಕಾಗದದ ಮೇಲೆ ಕಲ್ಲು, ಒಳಗೆ ರಬ್ಬರು. ‘ಶುಕ್ರವಾರ ಸಂಜೆಯೊಳಗೆ ಬೇಕೇ ಬೇಕು’ ಎಂದವರು ಫೈಲ್ ತೆರೆಯುವುದು ಮುಂದಿನ ಬುಧವಾರ. ಎರಡೂ ಒಂದೇ ವಾರಕ್ಕೆ ಬಿದ್ದರೆ ಮುಹೂರ್ತದ ಕೆಲಸ ಮೊದಲು. ಆಫೀಸಿನವರಿಗೆ ಹೊಸ ದಿನಾಂಕವನ್ನು ಗಡುವಿಗೆ ನಾಲ್ಕು ದಿನ ಇರುವಾಗಲೇ ತಿಳಿಸಬೇಕು. ಗಡುವಿನ ಹಿಂದಿನ ರಾತ್ರಿ ತಿಳಿಸಿದರೆ, ತಡ ಅಷ್ಟೇ ಆಗಿದ್ದರೂ, ಮುಂದಿನ ಆರ್ಡರ್ ಬಾರದು.

ಈ ಊರಿನ ಕೆಲಸಕ್ಕೆ ತನ್ನದೇ ಋತುಗಳಿವೆ. ಆಷಾಢದಲ್ಲಿ ಮದುವೆ, ಗೃಹಪ್ರವೇಶ ಇಲ್ಲವಾದ್ದರಿಂದ ಮನೆಮಂದಿಯ ಆರ್ಡರ್ ಇಳಿಯುತ್ತದೆ. ಶ್ರಾವಣ ಹುಟ್ಟುತ್ತಲೇ ಫೋನ್ ಶುರು. ಪಿತೃಪಕ್ಷದ ಹದಿನೈದು ದಿನ ಹೊಸದಾಗಿ ಯಾರೂ ಅಡ್ವಾನ್ಸ್ ಕೊಡುವುದಿಲ್ಲ. ದೀಪಾವಳಿ ವಿಶೇಷಾಂಕಗಳ ಚಿತ್ರಗಳು ಹಬ್ಬಕ್ಕೆ ಎರಡು ಮೂರು ತಿಂಗಳು ಮುಂಚೆಯೇ ಮೇಜಿಗೆ ಬರುತ್ತವೆ. ನವೆಂಬರ್ 1ರ ಸುತ್ತ ರಾಜ್ಯೋತ್ಸವದ ವೇದಿಕೆ, ಭಾವಚಿತ್ರ, ಪುಸ್ತಕದ ಮುಖಪುಟ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮತ್ತೆ ಮನೆಮಂದಿ ಮೌನ. ಮಾರ್ಚಿನಲ್ಲಿ ಕಂಪನಿಗಳಿಗೆ ವರ್ಷದ ಬಜೆಟ್ ಖಾಲಿ ಮಾಡುವ ಆತುರ. 31ರೊಳಗೆ ಬಿಲ್ ಬೇಕು ಎಂಬ ಒತ್ತಾಯ.

ರಜೆಯ ಜಾಗ ಇದರಲ್ಲೇ ಕಾಣಿಸುತ್ತಿದೆ. ಆಷಾಢದಲ್ಲಿ ಎರಡು ವಾರ, ಪಿತೃಪಕ್ಷದಲ್ಲಿ ಒಂದು, ಉಳಿದದ್ದು ಮಕ್ಕಳ ಶಾಲೆ ನೋಡಿಕೊಂಡು. ಧನುರ್ಮಾಸದ ಬಿಡುವನ್ನು ರಜೆ ಎಂದು ಭಾವಿಸಬೇಡಿ. ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಚಿತ್ರಸಂತೆ ಇರುತ್ತದೆ. ಅಲ್ಲಿ ಕೂರುವವರಿಗೆ ಡಿಸೆಂಬರ್ ಅಂದರೆ ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟು) ಕತ್ತರಿಸುವುದು, ಬೆಲೆ ಚೀಟಿ ಬರೆಯುವುದು, ಸಣ್ಣ ಅಳತೆಯ ಕೆಲಸ ಕೂಡಿಸುವುದು. ಆ ತಿಂಗಳಿಗೆ ಮುಹೂರ್ತದ ಆರ್ಡರ್ ಒಪ್ಪಿಕೊಂಡರೆ ಎರಡೂ ಕೆಡುತ್ತವೆ.

ಒಂದು ಒಣಗಲಿ, ಒಂದು ನಡೆಯಲಿ, ಒಂದು ಕಾಯಲಿ

ಒಟ್ಟಿಗೆ ಎಷ್ಟು ಆರ್ಡರ್ ಹಿಡಿಯಬಹುದು? ಮೂರು, ಅವೂ ಮೂರು ಬೇರೆ ಬೇರೆ ಹಂತದಲ್ಲಿ ಇದ್ದರೆ ಮಾತ್ರ. ಒಂದು ಒಣಗುತ್ತಿರಬೇಕು, ಒಂದು ಕೈಕೆಳಗೆ ನಡೆಯುತ್ತಿರಬೇಕು, ಒಂದು ಗಿರಾಕಿಯ ಒಪ್ಪಿಗೆಗೆ ಕಾಯುತ್ತಿರಬೇಕು. ಮೂರೂ ಬಣ್ಣದ ಹಂತಕ್ಕೆ ಬಂದರೆ ಅಂದಿನಿಂದ ನಿದ್ದೆ ಇಲ್ಲ. ಆದ್ದರಿಂದ ಹೊಸ ಆರ್ಡರ್ ಒಪ್ಪುವಾಗ ‘ಮುಗಿಸುವ ದಿನ ಯಾವುದು’ ಎನ್ನುವುದರ ಜೊತೆಗೆ ‘ಬಣ್ಣ ಶುರುವಾಗುವ ದಿನ ಯಾವುದು’ ಎಂದೂ ನೋಡಬೇಕು. ಎರಡು ಕೆಲಸಕ್ಕೆ ಬಣ್ಣ ಶುರುವಾಗುವ ದಿನಗಳ ನಡುವೆ ಕನಿಷ್ಠ ಎರಡು ವಾರ ಅಂತರ ಬೇಕು. ನಾಲ್ಕನೆಯವರಿಗೆ ‘ಸಾಲಿನಲ್ಲಿದ್ದೀರಿ, ಸ್ಕೆಚ್ ಇಂಥ ದಿನ’ ಎಂದು ಟೋಕನ್ ಹಣ ಪಡೆದು ತಾರೀಕು ಕೊಡಿ. ಟೋಕನ್ ಕೊಡದವರ ಹೆಸರು ಡೈರಿಗೆ ಹತ್ತಬಾರದು.

ದಿನದೊಳಗೂ ಇದೇ ನೀತಿ. ಬಣ್ಣಕ್ಕೆ ಹಗಲು ಬೆಳಕು ಬೇಕು, ಬೆಳಿಗ್ಗೆ 10ರಿಂದ ಮಧ್ಯಾಹ್ನ 3. ಡಿಜಿಟಲ್ ಕೆಲಸ, ಬಿಲ್ಲು, ಫೋನು ಸಂಜೆಗೆ. ಸಂಜೆಯೂ ಬಣ್ಣ ಹಚ್ಚಲೇಬೇಕೆಂದರೆ 5000 ಕೆಲ್ವಿನ್, ಸಿಆರ್‌ಐ (ಬಣ್ಣವನ್ನು ಇದ್ದಂತೆ ತೋರಿಸುವ ಗುಣದ ಅಳತೆ) 90ಕ್ಕೆ ಮೇಲಿನ ಎಲ್‌ಇಡಿ ದೀಪ ಹಾಕಿಕೊಳ್ಳಿ. ಮಾಮೂಲಿ ಹಳದಿ ಬಲ್ಬಿನ ಕೆಳಗೆ ಬೆರೆಸಿದ ಚರ್ಮದ ಬಣ್ಣ ಮರುದಿನ ಬೆಳಿಗ್ಗೆ ಕಾಮಾಲೆಯೋ ನೀಲಿಯೋ ಯಾವುದಾದರೊಂದು ಆಗಿರುತ್ತದೆ. ಎರಡು ಚಿತ್ರಗಳ ನಡುವೆ ಹಾರಾಡುವವರು ಬೆರೆಸಿದ ಬಣ್ಣದ ಪಾಕವನ್ನು ಕ್ಯಾನ್ವಾಸಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಬರೆದಿಡುವುದು ಒಳ್ಳೆಯದು: ‘ಬಿಳಿ 4, ಎಲ್ಲೋ ಓಕರ್ 2, ಲೈಟ್ ರೆಡ್ 1, ಅಲ್ಟ್ರಾಮರೀನ್ ಚಿಟಿಕೆ’. ಉಳಿದ ತೈಲದ ಮುದ್ದೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಟ್ಟರೆ ಕೆಲವು ದಿನ ಹಸಿಯಾಗಿರುತ್ತದೆ. ಐಸ್‌ಕ್ರೀಂ ಡಬ್ಬಿಯಲ್ಲಿ ಮಾತ್ರ ಇಡಬೇಡಿ, ಮನೆಯಲ್ಲಿ ಮಕ್ಕಳಿರುತ್ತಾರೆ.

ಭೇಟಿಗಳನ್ನು ಅರ್ಧ ದಿನವೆಂದೇ ಎಣಿಸಿ. ಬಸವನಗುಡಿಯಿಂದ ವೈಟ್‌ಫೀಲ್ಡಿಗೆ ‘ಸುಮ್ಮನೆ ಹದಿನೈದು ನಿಮಿಷ ಗೋಡೆ ನೋಡಿ ಬನ್ನಿ’ ಎಂದರೆ ಹಗಲು ಬೆಳಕು ಪೂರ್ತಿ ಹೋಯಿತು. ಕಾಗದ, ಬೋರ್ಡು ತರಲು ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆ ಕಡೆ ಹೋಗುವುದೂ ಹಾಗೇ; ತಿಂಗಳಿಗೊಮ್ಮೆ ಪಟ್ಟಿ ಹಿಡಿದು ಹೋಗುವುದು ಸರಿ.

ಪುಸ್ತಕದ ಮುಖಪುಟ

ಇದರಲ್ಲಿ ಒಣಗುವ ಗೊಡವೆ ಇಲ್ಲ, ಕಾಯುವುದು ಮುನ್ನುಡಿಗಾಗಿ. ಕನ್ನಡ ಪುಸ್ತಕಕ್ಕೆ ಮುನ್ನುಡಿ ಕೊನೆಯ ವಾರ ಬರುತ್ತದೆ, ಪುಟ ಹೆಚ್ಚುತ್ತದೆ, ಬೆನ್ನಿನ ಅಗಲ ಬದಲಾಗುತ್ತದೆ. 80 ಜಿಎಸ್‌ಎಂ ಮ್ಯಾಪ್‌ಲಿಥೊ ಹಾಳೆಯ ದಪ್ಪ ಸುಮಾರು 0.1 ಮಿ.ಮೀ. 240 ಪುಟ ಅಂದರೆ 120 ಹಾಳೆ, ಬೆನ್ನು 12 ಮಿ.ಮೀ. 16 ಪುಟದ ಒಂದು ಫಾರ್ಮ್ ಸೇರಿದರೆ 0.8 ಮಿ.ಮೀ. ಹೆಚ್ಚಾಗಿ, ಬೆನ್ನಿನ ಮೇಲಿನ ಹೆಸರು ಮುಂಬದಿಗೆ ಸರಿದಂತೆ ಕಾಣುತ್ತದೆ. ಪುಟಸಂಖ್ಯೆ ಖಚಿತವಾಗುವವರೆಗೆ ಮುಂಬದಿಯನ್ನಷ್ಟೇ ಒಪ್ಪಿಗೆ ಮಾಡಿಸಿ, ಬೆನ್ನು ಮತ್ತು ಹಿಂಬದಿಗೆ ಎರಡು ದಿನ ಬೇರೆ ಇಟ್ಟುಕೊಳ್ಳಿ. ಮುದ್ರಣಾಲಯದಿಂದ ಖಾಲಿ ಹಾಳೆಯ ಮಾದರಿ ಪುಸ್ತಕ (ಡಮ್ಮಿ) ತರಿಸಿ ಅಳೆದರೆ ಇನ್ನೂ ಒಳ್ಳೆಯದು. ಸುತ್ತ ಕತ್ತರಿಸಿ ಹೋಗುವ ಅಂಚು (ಬ್ಲೀಡ್) 3 ಮಿ.ಮೀ., 300 ಡಿಪಿಐ, ಮುದ್ರಣದ ನಾಲ್ಕು ಬಣ್ಣದ ಸಿಎಂವೈಕೆ. ಪರದೆಯ ಮೇಲೆ ಉರಿಯುವ ನೀಲಿ, ಹಸಿರುಗಳು ಕಾಗದದಲ್ಲಿ ಮಂಕಾಗುತ್ತವೆ ಎಂದು ಪ್ರಕಾಶಕರಿಗೆ ಮೊದಲೇ ತಿಳಿಸಿ.

ಅಕ್ಷರ ಕೆಡುವುದು ಇನ್ನೊಂದು ರೋಗ. ಹಳೆಯ ನುಡಿ ಫಾಂಟಿನಲ್ಲಿ ಬಂದ ಬೆನ್ನುಡಿಯನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ಓದಿ ನೋಡಬೇಕು. ಫೋಟೊಶಾಪಿನಲ್ಲಿ ಒತ್ತಕ್ಷರ ಪಕ್ಕಕ್ಕೆ ಬಿದ್ದಿದ್ದರೆ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆಯಾಗಿಲ್ಲ ಎಂದರ್ಥ. ಮುದ್ರಣಕ್ಕೆ ಕಳಿಸುವ ಫೈಲಿನಲ್ಲಿ ಅಕ್ಷರವನ್ನೆಲ್ಲ ಔಟ್‌ಲೈನ್ (ಫಾಂಟ್ ಬೇಡದ ಆಕಾರ) ಮಾಡಿ, ತಿದ್ದಬಹುದಾದ ಪ್ರತಿಯನ್ನು ಬೇರೆ ಉಳಿಸಿ.

ಗೋಡೆ ಚಿತ್ರ

ಹೊರಗೋಡೆಯ ಕೆಲಸ ಡಿಸೆಂಬರಿನಿಂದ ಮಾರ್ಚ್ ನಡುವಿನವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಇಳಿದ ಮೇಲೆ ಮಳೆ ಬರುವ ಊರಿದು, ಆಗ 2 ಗಂಟೆಗೇ ಬ್ರಷ್ ತೊಳೆದುಬಿಡಬೇಕು. 10×12 ಅಡಿಯ, ಅಂದರೆ 120 ಚದರಡಿಯ ಗೋಡೆಗೆ ತೊಳೆದು ಪುಟ್ಟಿ ಹಾಕಲು 1 ದಿನ, ಅದು ಒಣಗಲು 1, ಪ್ರೈಮರ್ 1, ಬೇಸ್ ಕೋಟ್ 1, ಗೆರೆ ಮೂಡಿಸಲು 1, ಚಿತ್ರಕ್ಕೆ 6, ಸೀಲರ್ 1, ಒಟ್ಟು 12. ಹೊರಗೋಡೆಯ ಎಮಲ್ಷನ್ ಎರಡು ಕೋಟಿಗೆ ಲೀಟರಿಗೆ 50-60 ಚದರಡಿ ಬರುತ್ತದೆ. ಬೇಸಿಗೆ 3 ಲೀಟರ್ ತಂದರೆ ತಿದ್ದುವುದಕ್ಕೂ ಉಳಿಯುತ್ತದೆ. ಪ್ರೊಜೆಕ್ಟರಿನಲ್ಲಿ ಗೆರೆ ಮೂಡಿಸುವವರಿಗೆ ಕತ್ತಲಾಗಬೇಕು, ಆ ‘1 ದಿನ’ ನಿಜದಲ್ಲಿ ಒಂದು ರಾತ್ರಿ. ಪಡುವಣ ಗೋಡೆಯ ಮೇಲೆ ಮಧ್ಯಾಹ್ನ ಬಣ್ಣ ಬ್ರಷ್ಷಿನಲ್ಲೇ ಒಣಗುತ್ತದೆ, ಬೆಳಿಗ್ಗೆ ಮಾಡಿ.

ಒಪ್ಪುವ ಮೊದಲು ಎರಡು ಪರೀಕ್ಷೆ. ಎರಡಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ 24 ಗಂಟೆ ಬಿಡಿ. ಒಳಗಡೆ ಬೆವರಿದ್ದರೆ ಗೋಡೆ ಹಸಿ. ಆಮೇಲೆ ಹಳೆಯ ಬಣ್ಣದ ಮೇಲೆ ಟೇಪ್ ಒತ್ತಿ ಕೀಳಿ. ಸುಣ್ಣದ ಪುಡಿ ಬಂದರೆ ಪೂರ್ತಿ ಕೆರೆಯಬೇಕು, ಆ ಕೂಲಿ ಗಿರಾಕಿಯದ್ದು. ಹೊಸ ಗಾರೆಯಾದರೆ 28 ದಿನ ಮುಗಿದಿರಬೇಕು. ಗೃಹಪ್ರವೇಶಕ್ಕೆ ವಾರವಿರುವಾಗ ಗಾರೆ ಮುಗಿಸಿ ಕರೆಯುವ ಬಿಲ್ಡರುಗಳಿದ್ದಾರೆ. ಅಂಥ ಗೋಡೆಗೆ ಬಳಿದರೆ ಮುಂದಿನ ಮಳೆಗೆ ಬಿಳಿ ಉಪ್ಪು ಹೂಬಿಟ್ಟು ಬಣ್ಣ ಹಪ್ಪಳವಾಗಿ ಏಳುತ್ತದೆ, ಹೆಸರು ಕೆಡುವುದು ಚಿತ್ರಕಾರನದ್ದು. ಅವರಿಗೆ ಕ್ಯಾನ್ವಾಸಿನ ಮೇಲೆ ಬರೆದು ಗೋಡೆಗೆ ತೂಗುಹಾಕುವ ದಾರಿ ಸೂಚಿಸಿ.

ಬರವಣಿಗೆಯಲ್ಲಿ ಇರಬೇಕಾದ್ದು

ಒಂದು ಪುಟ ಸಾಕು, ವಾಟ್ಸಾಪ್ ಸಂದೇಶಕ್ಕಿಂತ ಇಮೇಲ್ ಮೇಲು. ಅಳತೆ, ಮಾಧ್ಯಮ, ಫ್ರೇಮ್ ಸೇರಿದೆಯೇ ಇಲ್ಲವೇ, ಸ್ಕೆಚ್ ಹಂತದಲ್ಲಿ ಎರಡು ಸುತ್ತು ತಿದ್ದುಪಡಿ, ಬಣ್ಣದಲ್ಲಿ ಒಂದು. ಹಣ ಶೇ 40 ಮುಂಗಡ, 30 ಸ್ಕೆಚ್ ಒಪ್ಪಿದಾಗ, 30 ಚಿತ್ರ ಒಯ್ಯುವ ಮೊದಲು. ಒಯ್ದ ಮೇಲೆ ಬರುವ ಶೇ 30 ನಿಧಾನಕ್ಕೆ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಗಡುವಿನ ಸಾಲನ್ನು ಹೀಗೆ ಬರೆಯಬಹುದು: ‘ಸ್ಕೆಚ್ ಕಳಿಸಿದ 7 ದಿನದೊಳಗೆ ಒಪ್ಪಿಗೆ ಬರಬೇಕು. ತಡವಾದಷ್ಟು ದಿನ ಚಿತ್ರ ಕೊಡುವ ದಿನಾಂಕವೂ ಮುಂದೆ ಹೋಗುತ್ತದೆ.’ ಈ ಎರಡು ವಾಕ್ಯ ಇಲ್ಲದ ಒಪ್ಪಂದದಲ್ಲಿ ಗಿರಾಕಿಯ ತಡವೆಲ್ಲ ನಿಮ್ಮ ರಾತ್ರಿಗಳ ಲೆಕ್ಕಕ್ಕೆ ಬರುತ್ತದೆ.

ಹಲವರಿಗೆ ತಿಳಿಯದ ಒಂದು ಕಾನೂನು ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ಬರೆಸಿದ ಚಿತ್ರ ಅಥವಾ ಭಾವಚಿತ್ರದ ಮೊದಲ ಕೃತಿಸ್ವಾಮ್ಯ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವರದ್ದೇ. ಕಲಾವಿದ ತನ್ನ ಬಳಿ ಉಳಿಸಿಕೊಳ್ಳಬೇಕೆಂದರೆ ಅದನ್ನು ಬರೆದಿಡಲೇಬೇಕು: ‘ಮೂಲ ಚಿತ್ರ ನಿಮ್ಮದು, ಕೃತಿಸ್ವಾಮ್ಯ ಕಲಾವಿದರದ್ದು, ಮುದ್ರಣ, ಕ್ಯಾಲೆಂಡರ್, ಜಾಹೀರಾತಿಗೆ ಬೇರೆ ಅನುಮತಿ ಬೇಕು.’ ಹಕ್ಕು ಬರೆದುಕೊಡುವಾಗ ಅವಧಿ ಹೇಳದಿದ್ದರೆ 5 ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು 19ನೇ ಸೆಕ್ಷನ್ ಲೆಕ್ಕ ಹಿಡಿಯುತ್ತದೆ. ಕೃತಿಸ್ವಾಮ್ಯ ಕೊಟ್ಟರೂ ಚಿತ್ರವನ್ನು ಹಾಳುಗೆಡವುವುದರ ವಿರುದ್ಧದ ಹಕ್ಕು 57ನೇ ಸೆಕ್ಷನ್‌ನಲ್ಲಿ ಉಳಿಯುತ್ತದೆ. ದೆಹಲಿಯ ವಿಜ್ಞಾನ ಭವನದ ಕಂಚಿನ ಭಿತ್ತಿಶಿಲ್ಪವನ್ನು ಕಿತ್ತು ಹಾಳುಮಾಡಿದ್ದಕ್ಕೆ ಶಿಲ್ಪಿ ಅಮರ್ ನಾಥ್ ಸೆಹಗಲ್ ಹೂಡಿದ ದಾವೆಯಲ್ಲಿ ದೆಹಲಿ ಹೈಕೋರ್ಟ್ 2005ರಲ್ಲಿ ಶಿಲ್ಪವನ್ನು ಮರಳಿಸಿ 5 ಲಕ್ಷ ರೂಪಾಯಿ ಪರಿಹಾರ ಕೊಡಲು ಹೇಳಿದ್ದು ಈ ಸೆಕ್ಷನ್ ಮೇಲೆಯೇ.

ಕಂಪನಿಗಳಿಂದ ಹಣ ಬರುವುದು ತಡವಾಗುವುದಾದರೆ ಸಣ್ಣ ಉದ್ದಿಮೆಗಳಿಗೆಂದು ಇರುವ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. ಆನ್‌ಲೈನ್, ಉಚಿತ, ಆಧಾರ್ ಮತ್ತು ಪ್ಯಾನ್ ಬೇಕು. ಕೆಲಸ ಒಪ್ಪುವ ಮೊದಲೇ ನೋಂದಣಿ ಆಗಿರಲಿ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಹಣ ಕೊಡುವುದು 45 ದಿನ ಮೀರಬಾರದು, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಬರೆದಿದ್ದರೆ ಅಕೌಂಟ್ಸ್ ವಿಭಾಗದ ಕಣ್ಣಿಗೆ ಅದು ಬಿದ್ದೇ ಬೀಳುತ್ತದೆ. ಮುಂಗಡ ತೆರಿಗೆಯ ದಿನಗಳಾದ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15 ಕೂಡ ಅದೇ ಡೈರಿಯಲ್ಲಿರಲಿ.

ರಜೆಯ ಬೆಲೆ

ವರ್ಷಕ್ಕೆ 52 ವಾರ. ಊರು, ಪ್ರವಾಸ ಸೇರಿ ರಜೆ 4, ಹಬ್ಬಗಳು ಚೂರು ಚೂರಾಗಿ 2, ಕಾಯಿಲೆ 1, ಸ್ವಂತ ಕೆಲಸ ಮತ್ತು ಪ್ರದರ್ಶನಕ್ಕೆ 4. ಉಳಿದದ್ದು 41. ವಾರಕ್ಕೆ 5 ದಿನ, ದಿನಕ್ಕೆ ನಾಲ್ಕೂವರೆ ಗಂಟೆ ಎಂದರೆ 922 ಗಂಟೆ. ಮನೆಖರ್ಚು ತಿಂಗಳಿಗೆ 45,000, ಸ್ಟುಡಿಯೊ ಬಾಡಿಗೆ, ಕರೆಂಟು, ಇಂಟರ್‌ನೆಟ್ 12,000, ವರ್ಷದ ಸಾಮಾನು 90,000, ತೆರಿಗೆ, ವಿಮೆ, ಆಪತ್ತಿಗೆ 1,20,000 ಎಂದಿಟ್ಟುಕೊಂಡರೆ ಒಟ್ಟು 8,94,000. ಗಂಟೆಗೆ 970 ರೂಪಾಯಿ. 48 ಗಂಟೆಯ ಭಾವಚಿತ್ರಕ್ಕೆ 46,560, ಫ್ರೇಮ್ ಬೇರೆ. ಇದೇ ಖರ್ಚನ್ನು ವಾರಕ್ಕೆ 6 ದಿನ, ದಿನಕ್ಕೆ 8 ಗಂಟೆ, 52 ವಾರ ಎಂದು ಭಾಗಿಸಿದರೆ ಗಂಟೆಗೆ 358 ಬರುತ್ತದೆ. ಮಾರುಕಟ್ಟೆಯಲ್ಲಿ 17,000ಕ್ಕೆ ಭಾವಚಿತ್ರ ಬರೆದುಕೊಡುವವರು ಯಾವ ಲೆಕ್ಕದಲ್ಲಿದ್ದಾರೆಂದು ಇಲ್ಲಿ ಗೊತ್ತಾಗುತ್ತದೆ. ಅವರ ದರದಲ್ಲಿ ಭಾನುವಾರ ಮಾತ್ರ ಇದೆ. ಹಬ್ಬ ಇಲ್ಲ, ಜ್ವರ ಇಲ್ಲ, ಫೋನಿಗೆ ಹೋಗುವ ಗಂಟೆಗಳೂ ಇಲ್ಲ.

ಜನವರಿಯಲ್ಲಿ ಹೊಸ ಕ್ಯಾಲೆಂಡರ್ ತಂದ ದಿನವೇ ಆ ನಾಲ್ಕು ವಾರಗಳಿಗೆ ಆರ್ಡರಿನ ಹಾಗೆಯೇ ಹೆಸರು ಬರೆದು ಗೆರೆ ಎಳೆಯಬೇಕು. ಖಾಲಿ ಬಿಟ್ಟ ಚೌಕದಲ್ಲಿ ಯಾರದಾದರೂ ಗೃಹಪ್ರವೇಶ ಬಂದು ಕೂರುತ್ತದೆ. ಗಿರಾಕಿಗಳಿಗೆ ಮೂರು ವಾರ ಮೊದಲು ಒಂದು ಸಂದೇಶ: ‘ಇಂಥ ದಿನದಿಂದ ಇಂಥ ದಿನದವರೆಗೆ ಸ್ಟುಡಿಯೊ ಮುಚ್ಚಿರುತ್ತದೆ. ನಿಮ್ಮ ಚಿತ್ರ ಆಗ ಒಣಗುತ್ತಿರುತ್ತದೆ, ಕೊಡುವ ದಿನಾಂಕ ಬದಲಾಗುವುದಿಲ್ಲ.’ ಎರಡನೆಯ ವಾಕ್ಯ ನಿಜವಾಗುವಂತೆ ಕೆಲಸ ಜೋಡಿಸಿಕೊಳ್ಳುವುದೇ ಜಾಣತನ. ತೈಲದ ಕೊನೆಯ ಪದರವನ್ನು ಹೊರಡುವ ಹಿಂದಿನ ವಾರ ಮುಗಿಸಿದರೆ ರಜೆಯೇ ಒಣಗುವ ಅವಧಿಯಾಗುತ್ತದೆ.

ಹೊರಡುವ ಮುನ್ನ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದು ಹೋಗಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯೇಳುತ್ತದೆ. ಮುದ್ದೆಯೊಳಗಿನ ಬಿಸಿ ಹೊರಹೋಗಲು ದಾರಿಯಿಲ್ಲದೆ ತಾನಾಗಿ ಬೆಂಕಿ ಹತ್ತಬಹುದು. ನೀರಿನಲ್ಲಿ ನೆನೆಸಿ, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿಟ್ಟು, ಹೊರಗೆ ಸಾಗಿಸಿ. ಆಷಾಢದ ರಜೆಯಾದರೆ ಬೂಷ್ಟಿನ ಭಯವೂ ಇದೆ. ಜಲವರ್ಣ, ಪೋಸ್ಟರ್ ಬಣ್ಣದಲ್ಲಿರುವ ಗೋಂದು ಅದಕ್ಕೆ ಊಟ. ಮುಗಿದ ಕಾಗದದ ಕೆಲಸಗಳ ನಡುವೆ ಗ್ಲಾಸಿನ್ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಕಪಾಟಿನ ಮೇಲಿನ ಅರೆಯಲ್ಲಿಡಿ, ಹೊರಗೋಡೆಗೆ ಒರಗಿಸಬೇಡಿ. ಅಕ್ರಿಲಿಕ್ಕಿನ ತೇವದ ಪ್ಯಾಲೆಟ್ ಖಾಲಿ ಮಾಡಿ ತೊಳೆಯಿರಿ, ಎರಡು ವಾರಕ್ಕೆ ಅದು ನಾರುತ್ತದೆ.

ಮರಳಿ ಬಂದ ದಿನ ತೈಲದ ಚಿತ್ರದಲ್ಲಿ ಅಲ್ಲಲ್ಲಿ ಬಣ್ಣ ಒಳಗಿಳಿದು ಮಂಕಾದ ಮಚ್ಚೆಗಳು ಕಾಣುತ್ತವೆ, ಕಪ್ಪು ಕೂದಲು ಬೂದಿಯಂತಾಗಿರುತ್ತದೆ. ಬಣ್ಣ ಕೆಟ್ಟಿಲ್ಲ, ಎಣ್ಣೆ ಕೆಳಗಿಳಿದಿದೆ. ಅದನ್ನು ಹಾಗೇ ನೋಡಿಕೊಂಡು ಹೊಸ ಬಣ್ಣ ಬೆರೆಸಿದರೆ ಹೊಂದುವುದಿಲ್ಲ. ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಸಮಪಾಲು ಬೆರೆಸಿ, ನೂಲು ಬಿಡದ ಬಟ್ಟೆಯಲ್ಲಿ ಆ ಜಾಗಕ್ಕೆ ತೆಳ್ಳಗೆ ಉಜ್ಜಿ, ಹತ್ತು ನಿಮಿಷದ ಮೇಲೆ ಒಣ ಬಟ್ಟೆಯಿಂದ ಹೆಚ್ಚಿನದನ್ನು ಒರೆಸಿ ತೆಗೆಯಿರಿ. ಕಪ್ಪು ಕಪ್ಪಾಗಿ ಕಾಣಿಸಿದ ಮೇಲೆ ಬ್ರಷ್ ಎತ್ತಿಕೊಳ್ಳಬಹುದು.